ಪಿಸ್ತೂಲಿನ ಒಳಮಗ್ಗುಲು

ಶಸ್ತ್ರಾಗಾರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನಿಗೆ ಒಂದು ವಿದ್ಯೆ ತಾನಾಗಿ ಬರುತ್ತದೆ. ಡ್ಯೂಟಿ ಮುಗಿಸಿ ಬಂದವನು ಮೇಜಿನ ಮೇಲೆ ಪಿಸ್ತೂಲು ಇಟ್ಟ ಕೂಡಲೇ, ಅವನು ಬಾಯಿ ಬಿಡುವ ಮೊದಲೇ, ಅವನ ದಿನಚರಿಯನ್ನೆಲ್ಲ ಅದು ಹೇಳಿಬಿಡುತ್ತದೆ. ಹೊರಮಗ್ಗುಲು ಕಪ್ಪಗೆ ನುಣ್ಣಗಿದ್ದು ಮೈಗೆ ತಾಗುವ ಒಳಮಗ್ಗುಲಿನಲ್ಲಿ ಮಾತ್ರ ತುಕ್ಕಿನ ಕೆಂಪು ಚುಕ್ಕೆ ಎದ್ದಿದ್ದರೆ, ಆ ಮನುಷ್ಯನ ಬಲಸೊಂಟದ ಮೇಲೂ ಕೆಂಪು ಗುಳ್ಳೆಗಳಿವೆ ಎಂದೇ ಲೆಕ್ಕ. ಅಂಗಿ ಎತ್ತಿಸಿ ನೋಡಿದಾಗ ಈ ಲೆಕ್ಕ ತಪ್ಪಿದ್ದು ಅಪರೂಪ.

ನಾನು ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಆರ್ಮರರ್, ಅಂದರೆ ಪೊಲೀಸರ ಆಯುಧ ನೋಡಿಕೊಳ್ಳುವವನು, ಆಗಿದ್ದು ಈಗ ನಿವೃತ್ತನಾದವನು. ಗನ್‌ಮ್ಯಾನ್‌ಗಳ ಬಗ್ಗೆ ಜನರಿಗೆ ಗೊತ್ತಿರುವುದು ಸಫಾರಿ ಸೂಟು, ಕಪ್ಪು ಕನ್ನಡಕ, ಗಣ್ಯರ ಹಿಂದೆ ಎರಡು ಹೆಜ್ಜೆ, ಅಷ್ಟೇ. ಆ ಸಫಾರಿಯ ಒಳಗೆ ಏನು ನಡೆಯುತ್ತದೆ ಎಂಬುದು ಅವರ ಹೆಂಡತಿಯರಿಗೆ, ಮೆಡಿಕಲ್ ಅಂಗಡಿಯವರಿಗೆ ಮತ್ತು ನಮ್ಮಂಥವರಿಗೆ ಮಾತ್ರ ಗೊತ್ತಿರುತ್ತದೆ. ಆಯುಧ ಕಾಣಬಾರದು, ಆದರೆ ಕ್ಷಣದಲ್ಲಿ ಕೈಗೆ ಸಿಗಬೇಕು. ಈ ಎರಡು ಷರತ್ತಿಗೆ ಒಪ್ಪುವ ಜಾಗ ಸೊಂಟ ಒಂದೇ. ಸೊಂಟವೋ, ಮೈಯಲ್ಲಿ ಅತಿ ಹೆಚ್ಚು ಬೆವರು ನಿಲ್ಲುವ ಜಾಗಗಳಲ್ಲಿ ಒಂದು.

ನಾವು ಹೆಚ್ಚಾಗಿ ಕೊಡುತ್ತಿದ್ದುದು ಪಶ್ಚಿಮ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಾದ 9 ಮಿ.ಮೀ. ಆಟೋ ಪಿಸ್ತೂಲು. ಬ್ರೌನಿಂಗ್ ವಿನ್ಯಾಸದ್ದು, ಪೂರ್ತಿ ಉಕ್ಕಿನದು, ಮ್ಯಾಗಜೀನಿನಲ್ಲಿ 13 ಗುಂಡು ಹಿಡಿಯುತ್ತದೆ. ತುಂಬಿದ ಮೇಲೆ ತೂಕ ಒಂದು ಕಿಲೋ ದಾಟುತ್ತದೆ. ಬಲಗೈಯವನು ಅದನ್ನು ಬಲಸೊಂಟಕ್ಕೆ ಸಿಕ್ಕಿಸಿಕೊಂಡರೆ ಎಡಮಗ್ಗುಲು ಮೈಗೆ ತಾಗುತ್ತದೆ. ಸೇಫ್ಟಿ ಗುಂಡಿ ಇರುವುದು ಆ ಮಗ್ಗುಲಿಗೇ. ಹಿಂಬದಿಯಲ್ಲಿ ಗುಂಡು ಸಿಡಿಸಲು ಬಡಿಯುವ ಹ್ಯಾಮರ್ ಹೊರಗೆ ಚಾಚಿಕೊಂಡಿರುತ್ತದೆ, ಅದರ ಮುಂದೆ ಗುರಿ ನೋಡುವ, ಮೂಲೆ ಚೂಪಾದ ರಿಯರ್ ಸೈಟ್. ಬರಿಮೈಗೆ ಇದನ್ನು ಕಟ್ಟಿಕೊಂಡು ಜೀಪಿನಲ್ಲಿ ಜಗಳೂರಿಗೋ ಮೊಳಕಾಲ್ಮುರಿಗೋ ಏಪ್ರಿಲ್ ಬಿಸಿಲಿನಲ್ಲಿ ಹೋಗಿಬಂದರೆ ಸೊಂಟದ ಗತಿ ಏನು ಎಂದು ಯಾರೂ ವಿವರಿಸಬೇಕಾಗಿಲ್ಲ. ಒಣಚರ್ಮಕ್ಕಿಂತ ಒದ್ದೆಚರ್ಮದ ಮೇಲೆ ಉಜ್ಜಾಟ ಹೆಚ್ಚು. ಬೆವರಿನಲ್ಲಿ ನೆನೆದ ಮೇಲ್ಪದರ ಮೆತ್ತಗಾಗಿರುತ್ತದೆ, ಪ್ರತಿ ಕುಲುಕಿಗೂ ಸ್ವಲ್ಪ ಸ್ವಲ್ಪ ಕಿತ್ತುಬರುತ್ತದೆ.

ಕಬ್ಬಿಣಕ್ಕೂ ಶತ್ರು ಅದೇ ಬೆವರು. ಅದರಲ್ಲಿ ಉಪ್ಪಿದೆ, ಸ್ವಲ್ಪ ಆಮ್ಲವೂ ಇದೆ. ಕಪ್ಪು ಲೇಪ ಸವೆದ ಕಡೆ ಉಪ್ಪು ಕೂತರೆ ಉಕ್ಕು ತುಕ್ಕು ಹಿಡಿಯಲು ತಡವಿಲ್ಲ. ಕೆಲವರ ಬೆವರಂತೂ ಹುಟ್ಟಾ ಖಾರ. ಅಂಥವರು ಒಮ್ಮೆ ಮುಟ್ಟಿದ ಸ್ಲೈಡಿನ (ಪಿಸ್ತೂಲಿನ ಮೇಲಿನ ಜಾರುವ ಭಾಗದ) ಮೇಲೆ ಮರುದಿನ ಬೆರಳಚ್ಚು ಕೆಂಪಗೆ ಮೂಡಿರುತ್ತಿತ್ತು. ಅವರನ್ನು ಬೈದು ಪ್ರಯೋಜನವಿಲ್ಲ, ಅದು ಅವರ ಮೈಯ ಗುಣ.

ಹಾಗಾಗಿ ನನ್ನ ಕೆಲಸದಿಂದ ನಾನು ಕಲಿತದ್ದು ಇಷ್ಟು: ಮೈಗೂ ಆಯುಧಕ್ಕೂ ನಡುವೆ ಏನಿದೆ ಎಂಬುದನ್ನು ಮೊದಲು ನೋಡಬೇಕು. ಮುಲಾಮು ಆಮೇಲೆ, ತುಕ್ಕು ಒರೆಸುವುದೂ ಆಮೇಲೆ.

ಹುಡುಗರಲ್ಲಿ ಹೆಚ್ಚಿನವರ ತೊಂದರೆ ಬರಿ ಉಜ್ಜುಗಾಯ. ಹ್ಯಾಮರ್ ತಾಗುವ ಕಡೆ ಒಂದು ಗೀರು, ಸೈಟಿನ ಮೂಲೆ ತಾಗುವ ಕಡೆ ಒಂದು ಕಪ್ಪು ಕಲೆ. ಗಾಯದ ನಕ್ಷೆಯನ್ನೂ ಪಿಸ್ತೂಲನ್ನೂ ಒಂದರ ಮೇಲೊಂದು ಇಟ್ಟರೆ ಸರಿಯಾಗಿ ಕೂರುತ್ತದೆ. ಇದಕ್ಕೆ ಔಷಧ ಉದ್ದನೆಯ ಹತ್ತಿ ಬನಿಯನ್. ಅದನ್ನು ಪ್ಯಾಂಟಿನ ಒಳಗೆ ಪೂರ್ತಿ ಸಿಕ್ಕಿಸಿ, ಅದರ ಮೇಲೆ ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಚೀಲ, ಬರಬೇಕು. ಮಧ್ಯಾಹ್ನ ಬದಲಿಸಲು ಇನ್ನೊಂದು ಬನಿಯನ್ ಗಾಡಿಯಲ್ಲಿರಬೇಕು, ಏಕೆಂದರೆ ನೆನೆದ ಬನಿಯನ್ ಇದ್ದೂ ಇಲ್ಲದ ಹಾಗೆ. ಹೇಳಿದರೆ ಹುಡುಗರು ನಗುತ್ತಿದ್ದರು. "ಸರ್, ಈ ಸೆಕೆಗೆ ಇನ್ನೊಂದು ಬಟ್ಟೆಯಾ?" ಎನ್ನುತ್ತಿದ್ದರು. ಸೆಕೆಯಾಗುತ್ತಿದ್ದುದು ಬನಿಯನ್ನಿನಿಂದಲ್ಲ, ಮೇಲಿನ ಸಫಾರಿಯಿಂದ. ಅದರ ಬಟ್ಟೆಯಲ್ಲಿ ಪಾಲಿಯೆಸ್ಟರ್ ಪಾಲೇ ದೊಡ್ಡದು, ಒಂದು ಹನಿ ಬೆವರನ್ನೂ ಹೀರುವುದಿಲ್ಲ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯಲ್ಲಿ ಕುಳಿತು ಹತ್ತಿ ಬಟ್ಟೆಯ ಗುಣ ವಿವರಿಸಬೇಕಾಗಿ ಬಂದದ್ದು ನನ್ನ ಹಣೆಬರಹ.

ಬೆವರುಸಾಲೆ ಪೌಡರ್ ಸುರಿದುಕೊಳ್ಳುವವರದು ಬೇರೆ ಕಥೆ. ಪೌಡರ್ ಬೆವರಿಗೆ ಸೇರಿ ಚರ್ಮದ ಮಡಿಕೆಯಲ್ಲಿ ಗಟ್ಟಿಯಾಗುತ್ತದೆ. ಉಳಿದದ್ದು ಪಿಸ್ತೂಲಿನ ಒಳಗೆ ಇಳಿದು ಎಣ್ಣೆಗೆ ಸೇರಿ ಸ್ಲೈಡಿನ ಹಳಿಗಳಲ್ಲಿ ಅಂಟಾಗುತ್ತದೆ. ಮಲ್ಲಿಗೆ ವಾಸನೆಯ ಪಿಸ್ತೂಲುಗಳನ್ನು ನಾನು ಬಿಚ್ಚಿ ತೊಳೆದಿದ್ದೇನೆ. ಎಣ್ಣೆಯ ಕಾಟವೂ ಇದೆ. ತುಕ್ಕಿನ ಭಯಕ್ಕೆ ಕೆಲವರು ಹೊರಮೈಗೂ ಎಣ್ಣೆ ಸವರಿ ಹಾಗೇ ಕಟ್ಟಿಕೊಳ್ಳುತ್ತಾರೆ. ಆ ಎಣ್ಣೆ ಕೂದಲ ಬುಡಗಳನ್ನು ಮುಚ್ಚಿ ಕೀವುಗುಳ್ಳೆ ಎಬ್ಬಿಸುತ್ತದೆ. ಎಣ್ಣೆ ಹಚ್ಚಿದ ಮೇಲೆ ಒಣ ಚಿಂದಿಯಿಂದ ಒರೆಸಿ, ಬೆರಳಿಗೆ ಜಿಡ್ಡು ತಾಗದಷ್ಟು ಮಾಡಿಯೇ ಹೊರಗೆ ಬಿಡಬೇಕು.

ನನಗೆ ನಿಜವಾದ ಪಾಠ ಸಿಕ್ಕಿದ್ದು ಒಬ್ಬ ಎಆರ್‌ಎಸ್‌ಐ (ಸಹಾಯಕ ಮೀಸಲು ಸಬ್ ಇನ್‌ಸ್ಪೆಕ್ಟರ್) ಅವರಿಂದ. ಶಿಸ್ತಿನ ಮನುಷ್ಯ, ಬನಿಯನ್ ಹಾಕುತ್ತಿದ್ದರು, ಒಳ್ಳೆಯ ತೊಗಲಿನ ಹೋಲ್‌ಸ್ಟರನ್ನು ಸ್ವಂತ ದುಡ್ಡಿನಲ್ಲಿ ತಂದಿದ್ದರು. ಆದರೂ ಸೊಂಟದ ಮೇಲೆ ಅಂಗೈ ಅಗಲದ ದಪ್ಪ, ಸಿಪ್ಪೆ ಏಳುವ, ನೀರು ಜಿನುಗುವ ತುರಿ. ಹ್ಯಾಮರಿನ ಗುರುತೂ ಇಲ್ಲ, ಸೈಟಿನ ಗುರುತೂ ಇಲ್ಲ. ಹೋಲ್‌ಸ್ಟರ್ ಎಷ್ಟು ಅಗಲವೋ ತುರಿಯೂ ಅಷ್ಟು ಅಗಲ. ಇನ್ನೂ ವಿಚಿತ್ರವೆಂದರೆ, ಡ್ಯೂಟಿಯ ದಿನಕ್ಕಿಂತ ಮರುದಿನ, ಅದರ ಮಾರನೆಯ ದಿನ ಕಾಟ ಹೆಚ್ಚಾಗುತ್ತಿತ್ತು. "ರಜೆಯ ದಿನವೇ ತುರಿಸುತ್ತದೆ ಅಂದರೆ ಹೋಲ್‌ಸ್ಟರ್ ಕಾರಣವಲ್ಲ ಬಿಡಿ" ಎಂದು ಅವರ ವಾದ. ಕೇಳಿದರೆ ಸರಿ ಎನಿಸುವಂಥದ್ದೇ.

ದಾವಣಗೆರೆಯ ಚರ್ಮವೈದ್ಯರೊಬ್ಬರು ಸೊಂಟವನ್ನು ಒಮ್ಮೆ ನೋಡಿ, ಚಪ್ಪಲಿ ಬಿಡಿಸಿ ಪಾದ ನೋಡಿದರಂತೆ. ಪಾದದ ಮೇಲೆ ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲಿ ಹಳೆಯ ಕಪ್ಪು ಗುರುತು. ಆಮೇಲೆ ಅವರು ಕೇಳಿದ ಪ್ರಶ್ನೆ: "ಮನೆ ಕಟ್ಟಿಸುವಾಗ ಸಿಮೆಂಟು ಮುಟ್ಟಿ ಕೈ ಒಡೆದಿತ್ತೇ?" ಒಡೆದಿತ್ತು. ಆಗ ಎಲ್ಲರೂ ಸಿಮೆಂಟಿನ ಉರಿ ಎಂದು ಸುಮ್ಮನಾಗಿದ್ದರು. ಸಿಮೆಂಟು, ಚಪ್ಪಲಿ, ಹೋಲ್‌ಸ್ಟರ್ ಮೂರಕ್ಕೂ ಸಂಬಂಧ ಕ್ರೋಮಿಯಂ. ಇಂದು ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ತೊಗಲನ್ನು ಹದ ಮಾಡುವುದು ಕ್ರೋಮ್ ಲವಣದಿಂದ. ಬೆವರಿನಲ್ಲಿ ಅದು ಸ್ವಲ್ಪ ಸ್ವಲ್ಪ ಬಿಟ್ಟುಕೊಂಡು ಚರ್ಮಕ್ಕೆ ಇಳಿಯುತ್ತದೆ. ಒಮ್ಮೆ ಮೈ ಅದಕ್ಕೆ ತಿರುಗಿಬಿದ್ದರೆ ಮುಗಿಯಿತು, ಮುಂದೆ ಎಲ್ಲಿ ತಾಗಿದರೂ ಗುರುತು ಹಿಡಿಯುತ್ತದೆ. ಈ ಬಗೆಯ ಅಲರ್ಜಿ ತಾಗಿದ ಗಳಿಗೆಯಲ್ಲೇ ಏಳುವುದಿಲ್ಲ, ಒಂದೆರಡು ದಿನ ಬಿಟ್ಟು ಏಳುತ್ತದೆ. ರಜೆಯ ದಿನದ ತುರಿಕೆಯ ಗುಟ್ಟು ಅದು.

ಖಚಿತ ಮಾಡಿಕೊಳ್ಳಲು ಪ್ಯಾಚ್ ಟೆಸ್ಟ್ ಎಂಬ ಪರೀಕ್ಷೆ ಇದೆ. ಬೆನ್ನಿನ ಮೇಲೆ ಬೇರೆ ಬೇರೆ ವಸ್ತುಗಳ ಪುಟ್ಟ ಪುಟ್ಟ ಪಟ್ಟಿ ಅಂಟಿಸುತ್ತಾರೆ. 48 ಗಂಟೆ ಬೆನ್ನಿಗೆ ನೀರು ತಾಗಿಸುವಂತಿಲ್ಲ, ಬೆವರುವಂತಿಲ್ಲ. ಪಟ್ಟಿ ತೆಗೆದು ನೋಡಿ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಗನ್‌ಮ್ಯಾನ್ ಡ್ಯೂಟಿಯಲ್ಲಿರುವವನು ಬೆವರದೆ ಎರಡು ದಿನ ಕಳೆಯುವುದು ಹೇಗೆ? ರಜೆ ಹಾಕಿಯೇ ಮಾಡಿಸಬೇಕು, ಅದೂ ಚಳಿಗಾಲದಲ್ಲಿ. ಅವರು ಡಿಸೆಂಬರ್‌ನಲ್ಲಿ ಮಾಡಿಸಿದರು. ಕ್ರೋಮ್‌ನ ಪಟ್ಟಿ ಇದ್ದ ಕಡೆ ಕೆಂಪಗೆ ಉಬ್ಬಿತ್ತು.

ಕ್ರೋಮ್ ಇಲ್ಲದ ತೊಗಲು ಎಲ್ಲಿ? ಹಳೇ ದಾವಣಗೆರೆಯ ಕಡೆ ಕೂರುತ್ತಿದ್ದ ಒಬ್ಬ ಚಮ್ಮಾರ ಅಜ್ಜನನ್ನು ಕೇಳಿದೆ. "ಸಾಹೇಬರೇ, ಅಥಣಿ ಕಡೆಯ ಚಪ್ಪಲಿಗೆ ಹಾಕುವ ತೊಗಲು ತರಿಸುತ್ತೇನೆ, ಅದು ತೊಗಟೆಯಲ್ಲಿ ಹದ ಮಾಡಿದ್ದು" ಎಂದರು. ನಮ್ಮ ಕಡೆಯ ಕುರುಚಲು ಗುಡ್ಡಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಇದೆಯಲ್ಲ, ಅದರ ತೊಗಟೆ, ಕರಿಜಾಲಿ ತೊಗಟೆ, ಅಳಲೆಕಾಯಿ ಇವೆಲ್ಲ ಹಿಂದಿನಿಂದ ತೊಗಲು ಹದ ಮಾಡಲು ಬಳಸುತ್ತಿದ್ದ ಸಾಮಗ್ರಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದ್ದು ಈ ಕಸುಬಿನ ಕಾರಣಕ್ಕೇ. ಅಜ್ಜ ಹೊಲಿದುಕೊಟ್ಟ ಹೋಲ್‌ಸ್ಟರ್ ನೋಡಲು ಒರಟು. ಆದರೆ ಅದರ ಒಳಮಗ್ಗುಲನ್ನು ಹ್ಯಾಮರಿಗಿಂತ ಎರಡು ಬೆರಳು ಮೇಲಕ್ಕೆ ಏರಿಸಿದ್ದರು, ಮೈಗೂ ಉಕ್ಕಿಗೂ ನಡುವೆ ಗೋಡೆಯಂತೆ. ನಾನು ಹೇಳಿಕೊಟ್ಟದ್ದಲ್ಲ, ಪಿಸ್ತೂಲನ್ನು ಅಳತೆಗೆ ಇಟ್ಟಾಗ ಅವರೇ ಕಂಡುಕೊಂಡದ್ದು. ಕೆಲವು ವಾರಗಳಲ್ಲಿ ಎಆರ್‌ಎಸ್‌ಐ ಅವರ ಸೊಂಟ ಒಣಗಿತು. ಕಲೆ ಮಾತ್ರ ಬಹಳ ಕಾಲ ಉಳಿಯಿತು.

ತೊಗಲು ಯಾವುದೇ ಇರಲಿ, ರಾತ್ರಿ ಪಿಸ್ತೂಲನ್ನು ಹೋಲ್‌ಸ್ಟರಿನಲ್ಲೇ ಬಿಟ್ಟು ಬೀಗ ಹಾಕಬಾರದು. ತೊಗಲು ಹಗಲೆಲ್ಲ ಕುಡಿದ ಬೆವರು, ಹದ ಮಾಡಲು ಬಳಸಿದ ಸಾಮಗ್ರಿ ಎರಡೂ ಸೇರಿ ಕತ್ತಲಲ್ಲಿ ಉಕ್ಕನ್ನು ತಿನ್ನುತ್ತವೆ. ಬೇರೆ ಬೇರೆ ಇಟ್ಟರೆ ಹೋಲ್‌ಸ್ಟರಿಗೂ ಗಾಳಿ ಸಿಗುತ್ತದೆ, ಬೆಳಗ್ಗೆ ಒದ್ದೆ ತೊಗಲು ಮತ್ತೆ ಮೈಗೆ ಬರುವುದಿಲ್ಲ.

ಮಹಿಳಾ ಸಿಬ್ಬಂದಿಯ ಕಷ್ಟ ನಮಗೆ ತಡವಾಗಿ ಕಣ್ಣಿಗೆ ಬಿತ್ತು. ಚೂಡಿದಾರಕ್ಕೆ ಬೆಲ್ಟಿಲ್ಲ. ಹೊಟ್ಟೆಯ ಸುತ್ತ ಅಗಲ ಎಲಾಸ್ಟಿಕ್ ಪಟ್ಟಿ ಕಟ್ಟಿ ಅದರ ಜೇಬಿನಲ್ಲಿ ಪಿಸ್ತೂಲು ಇಡುತ್ತಾರೆ. ಆ ಪಟ್ಟಿಯ ಅಡಿ ಗಾಳಿಯೇ ಇಲ್ಲ. ರಬ್ಬರ್ ತಯಾರಿಸುವಾಗ ಬಳಸುವ ರಾಸಾಯನಿಕಗಳಿಗೂ ಹಲವರಿಗೆ ಅಲರ್ಜಿ ಆಗುತ್ತದೆ. ಒಬ್ಬ ಹೆಣ್ಣುಮಗಳು ಹಳೆಯ ಹತ್ತಿ ಸೀರೆಯನ್ನು ಎರಡು ಪದರ ಮಡಚಿ ಪಟ್ಟಿಯ ಒಳಗೆ ಟಿಚ್ ಬಟನ್ನಿನಿಂದ ಕೂರಿಸಿದ್ದಳು, ದಿನಾ ಬಿಚ್ಚಿ ತೊಳೆಯುವಂತೆ. ಬಟನ್ ತಾಗಿದ ಕಡೆ ಕಾಸಗಲ ತುರಿ ಎದ್ದಿತು. ಅಗ್ಗದ ಬಟನ್, ಬಕಲ್, ಕ್ಲಿಪ್ಪುಗಳಲ್ಲಿ ನಿಕಲ್ ಇರುತ್ತದೆ, ಹೆಂಗಸರಲ್ಲಿ ಇದರ ಅಲರ್ಜಿ ಹೆಚ್ಚು. ಕಿವಿಗೆ ಗಿಲೀಟು ಓಲೆ ಹಾಕಿ ಕಿವಿ ಸೋರಿದ ನೆನಪಿದ್ದರೆ ಅದೇ ಇದು. ಬಟನ್ ತೆಗೆದು ಲಾಡಿ ಹಾಕಿಕೊಂಡಳು, ಸರಿಹೋಯಿತು.

ಇನ್ನು ಟ್ಯೂಬಿನ ವಿಷಯ. ಸ್ಟೀರಾಯ್ಡ್, ಹುಳುಕಡ್ಡಿ ಔಷಧ, ಕೀವಿನ ಔಷಧ ಎಲ್ಲವನ್ನೂ ಬೆರೆಸಿದ ಟ್ಯೂಬುಗಳು ಪ್ರತಿ ಗನ್‌ಮ್ಯಾನ್‌ನ ಬ್ಯಾಗಿನಲ್ಲಿ ಇರುತ್ತಿದ್ದವು. ಹಚ್ಚಿದ ಎರಡನೆಯ ದಿನ ತುರಿಕೆ ಮಾಯ, ನಿಲ್ಲಿಸಿದ ವಾರದಲ್ಲಿ ದುಪ್ಪಟ್ಟು. ಸೊಂಟದ ಪಟ್ಟಿಯಡಿ ಇದ್ದದ್ದು ಹುಳುಕಡ್ಡಿಯಾಗಿದ್ದರೆ ಸ್ಟೀರಾಯ್ಡ್ ಅದಕ್ಕೆ ಗೊಬ್ಬರ ಹಾಕಿದಂತೆ. ಅಂಚು ಉಬ್ಬಿದ ಉಂಗುರ ಮೊದಲು ಗುರುತು ಸಿಗದಂತಾಗುತ್ತದೆ, ಆಮೇಲೆ ತೊಡೆಸಂದಿಗೆ ಇಳಿಯುತ್ತದೆ. ಚರ್ಮ ತೆಳುವಾಗಿ ಬಿರುಕುಗೆರೆ ಬೀಳುವುದು ಬೇರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ನಿಯಮ ಮಾಡಿತು. ಎರಡು ವೈದ್ಯಕೀಯ ಕಾಲೇಜು ಇರುವ ದಾವಣಗೆರೆಯಲ್ಲಿ ಚರ್ಮವೈದ್ಯರನ್ನು ಕಾಣದೆ ಟ್ಯೂಬು ಹುಡುಕುವುದಕ್ಕೆ ನನ್ನ ಬಳಿ ಕ್ಷಮೆಯಿಲ್ಲ.

ತೊಡೆಯ ಹೊರಭಾಗ ಮರಗಟ್ಟಿ ಉರಿಯುತ್ತದೆ ಎಂದು ಬರುವವರೂ ಇದ್ದಾರೆ. ಅದು ಚರ್ಮರೋಗವಲ್ಲ. ಪಿಸ್ತೂಲು ಜಾರದಂತೆ ಬೆಲ್ಟು ಬಿಗಿದು ಬಿಗಿದು ಸೊಂಟದ ಮೂಳೆಯ ಹತ್ತಿರ ಹಾಯುವ ನರ ಒತ್ತಿರುತ್ತದೆ. ಅಗಲವಾದ, ಗಟ್ಟಿಯಾದ ಬೆಲ್ಟು ತೊಟ್ಟು ಒಂದು ರಂಧ್ರ ಸಡಿಲಿಸಿದರೆ ಬಹಳ ಮಂದಿಗೆ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಬರೆದದ್ದು ತುರಿಕೆಯ ಮೇಲಿನ ಕನಿಕರಕ್ಕಷ್ಟೇ ಅಲ್ಲ. ಮೈ ಉರಿಯುವವನು ಪಿಸ್ತೂಲನ್ನು ಮುಟ್ಟಿ ಮುಟ್ಟಿ ಸರಿಸುತ್ತಾನೆ, ನೋಡುವವರಿಗೆಲ್ಲ ಅದು ಎಲ್ಲಿದೆ ಎಂದು ಗೊತ್ತಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ ಕಾರು ಹತ್ತಿದ ಕೂಡಲೇ ಸೊಂಟದಿಂದ ತೆಗೆದು ಸೀಟಿನಡಿಗೋ ಡ್ಯಾಶ್‌ಬೋರ್ಡಿನ ಖಾನೆಗೋ ತುರುಕುವುದು. ಗಣ್ಯರು ಸಡನ್ನಾಗಿ ಇಳಿದು ಜನರ ನಡುವೆ ನಡೆದರೆ ಇವನು ಬರಿಗೈಯಲ್ಲಿ ಹಿಂದೆ ಓಡುತ್ತಾನೆ, ತುಂಬಿದ ಪಿಸ್ತೂಲು ಚಾಲಕನ ಪಕ್ಕದಲ್ಲಿ ಉಳಿಯುತ್ತದೆ. ಹೀಗೆ ಮಾಡಿದವನಿಗೆ ಮೆಮೊ ಕೊಡುತ್ತಾರೆ, ಕೊಡಲೇಬೇಕು. ಆದರೆ ಏಕೆ ತೆಗೆದೆ ಎಂದು ಕೇಳುವವರು ಕಡಿಮೆ. ಕೇಳಿದರೂ ಇಷ್ಟು ಸಣ್ಣ ಕಾರಣ ಹೇಳಲು ಅವನಿಗೆ ನಾಚಿಕೆ.

ಈಗ ಪ್ಲಾಸ್ಟಿಕ್ ಚೌಕಟ್ಟಿನ ಗ್ಲಾಕ್ ಬಗೆಯ ಪಿಸ್ತೂಲುಗಳು ಬಂದಿವೆ. ಚೌಕಟ್ಟಿಗೆ ತುಕ್ಕಿನ ಮಾತೇ ಇಲ್ಲ, ಸ್ಲೈಡಿನ ಉಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ. ಹೊರಗೆ ಚಾಚಿದ ಹ್ಯಾಮರೂ ಇಲ್ಲ. ಮೈಗೆ ಸ್ವಲ್ಪ ಹಿತವೇ. ಆದರೆ ಒಳಮಗ್ಗುಲು ನೋಡಿ ಆಳನ್ನು ಓದುವ ನನ್ನ ವಿದ್ಯೆ ಅದರ ಮುಂದೆ ನಡೆಯುವುದಿಲ್ಲ. ನನ್ನ ಜಾಗಕ್ಕೆ ಬಂದ ಹುಡುಗನಿಗೆ ಹೇಳಿ ಬಂದಿದ್ದೇನೆ: ಮಾರ್ಚ್ ಬಂದ ಮೇಲೆ ಪಿಸ್ತೂಲು ವಾಪಸು ಪಡೆಯುವಾಗ ಗುಂಡು ಎಣಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿ, ಹಾಗೇ ಸೊಂಟ ಹೇಗಿದೆ ಎಂದೂ ಕೇಳು. ನಕ್ಕರೆ ನಗಲಿ.