ಸಾವನದುರ್ಗದ ಬುಡದಲ್ಲಿ ಪೆಗ್ಗಿ ಆ್ಯಶ್‌ಕ್ರಾಫ್ಟ್ ಮಾತು

ಡೇವಿಡ್ ಲೀನ್ ಅವರ 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಗುಹೆಗಳನ್ನು ನೋಡೋಕೆ ಬಿಹಾರಕ್ಕೆ ಹೋಗಬೇಕಿಲ್ಲ. ಚಿತ್ರಕ್ಕೆ ಮೂಲವಾದ ಇ. ಎಂ. ಫಾರ್ಸ್ಟರ್ ಕಾದಂಬರಿಯ ಗುಹೆಗಳಿಗೆ ಅಲ್ಲಿನ ಬರಾಬರ್ ಬೆಟ್ಟವೇ ಮಾದರಿ, ನಿಜ. ಚಿತ್ರ ತೆಗೆದದ್ದು ಮಾತ್ರ ನಮ್ಮ ಸಾವನದುರ್ಗ, ರಾಮನಗರದ ಬಂಡೆಗಳಲ್ಲಿ. ಗುಹೆಯ ಬಾಗಿಲುಗಳನ್ನು ಚಿತ್ರಕ್ಕಂತಲೇ ಕೊರೆದರು. ಊರಿನ ಪೇಟೆಯ ಸೆಟ್ ಹಾಕಿದ್ದು ಬೆಂಗಳೂರು ಅರಮನೆ ಮೈದಾನದಲ್ಲಿ.

ಹೋದ ತಿಂಗಳು ಒಂದು ಭಾನುವಾರ ದೊಡ್ಡಮ್ಮನ ಜೊತೆ ಸಾವನದುರ್ಗಕ್ಕೆ ಹೋಗಿದ್ದೆ. ಹಿಂದಿನ ರಾತ್ರಿ ಇಬ್ಬರೂ ಕೂತು ಆ ಚಿತ್ರ ನೋಡಿದ್ದೆವು. ಬೆಟ್ಟ ಹತ್ತುವ ಆಸೆಯೇನೋ ಇತ್ತು. ಆದರೆ ನರಸಿಂಹಸ್ವಾಮಿ ದರ್ಶನ ಮುಗಿಸಿ ಮರದ ಕೆಳಗೆ ಚಿತ್ರಾನ್ನದ ಡಬ್ಬಿ ಬಿಚ್ಚಿದ ಮೇಲೆ ಇಬ್ಬರೂ ಅಲ್ಲಿಂದ ಏಳಲೇ ಇಲ್ಲ. ಮಾತೆಲ್ಲ ಇಂಗ್ಲೆಂಡಿನ ನಟಿ ಪೆಗ್ಗಿ ಆ್ಯಶ್‌ಕ್ರಾಫ್ಟ್ ಅವರದ್ದೇ.

ಚಿತ್ರದಲ್ಲಿ ಇಂಗ್ಲೆಂಡಿನಿಂದ ಬಂದ ವಯಸ್ಸಾದ ಹೆಂಗಸು ಮಿಸೆಸ್ ಮೂರ್ ಆಗಿ ನಟಿಸಿದವರು ಅವರು. ಗುಹೆಯೊಳಗೆ ಜನ ಕಿಕ್ಕಿರಿದಿರುತ್ತಾರೆ, ಸದ್ದು ಮಾರ್ದನಿಗೊಂಡು ಭೋರೆನ್ನುತ್ತದೆ, ಆಕೆಗೆ ಉಸಿರು ಕಟ್ಟುತ್ತದೆ. ಹೇಗೋ ಹೊರಗೆ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಅಳುವುದಿಲ್ಲ, ಕೂಗುವುದಿಲ್ಲ. ಆದರೆ ಒಳಗೆ ಹೋದ ಹೆಂಗಸು ಬೇರೆ, ಹೊರಗೆ ಬಂದ ಹೆಂಗಸು ಬೇರೆ ಅಂತ ನಮಗೆ ಗೊತ್ತಾಗಿಬಿಡುತ್ತದೆ.

"ಆಯಮ್ಮ ಏನೂ ಮಾಡಲ್ಲ ಕಣೆ, ಸುಮ್ನೆ ಕೂತಿರ್ತಾಳೆ. ನನಗೆ ಎದೆ ಹಿಡಿದಂಗಾಯ್ತು" ಅಂದರು ದೊಡ್ಡಮ್ಮ.

ನಾನು ಹವ್ಯಾಸಿ ತಂಡದಲ್ಲಿ ನಾಟಕ ಮಾಡುವವಳು. ವೇದಿಕೆ ಮೇಲೆ ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ಗೊತ್ತು. ಕೈ ಎಲ್ಲಿಡಬೇಕು ಅನ್ನುವುದೇ ತಿಳಿಯುವುದಿಲ್ಲ. ಆ ಕುರ್ಚಿಯಲ್ಲಿ ಹಾಗೆ ಕೂರೋದಕ್ಕೆ ಅವರಿಗೆ ಐವತ್ತಕ್ಕೂ ಹೆಚ್ಚು ವರ್ಷಗಳ ರಂಗಭೂಮಿ ಬೇಕಾಯಿತು ಅಂತ ದೊಡ್ಡಮ್ಮನಿಗೆ ಹೇಳಿದೆ.

ಅವರು ಹುಟ್ಟಿದ್ದು 1907ರಲ್ಲಿ, ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ. 1930ರಲ್ಲಿ, ಇನ್ನೂ ಇಪ್ಪತ್ತೆರಡರ ಹುಡುಗಿ, ಶೇಕ್ಸ್‌ಪಿಯರ್ ನಾಟಕದಲ್ಲಿ ಅಮೆರಿಕದ ಕಪ್ಪು ನಟ ಪಾಲ್ ರೋಬ್ಸನ್ ಅವರ ಒಥೆಲೊಗೆ ಹೆಂಡತಿ ಡೆಸ್ಡಿಮೋನಾ ಆದರು. ಕಪ್ಪು ನಟ ಬಿಳಿ ನಟಿಯನ್ನು ರಂಗದ ಮೇಲೆ ಮುಟ್ಟುವುದನ್ನೇ ಸಹಿಸದ ಜನ ಇದ್ದ ಕಾಲ ಅದು. ಚಿತ್ರದಲ್ಲಿ ರಾತ್ರಿ ಮಸೀದಿಯಲ್ಲಿ ಭಾರತೀಯ ಡಾಕ್ಟರ್ ಅಜೀಜ್ ಜೊತೆ ಮಿಸೆಸ್ ಮೂರ್ ಅಷ್ಟು ಸಲೀಸಾಗಿ ಮಾತಾಡುವುದನ್ನು ನೋಡುವಾಗ ನನಗೆ ಆ ಡೆಸ್ಡಿಮೋನಾ ನೆನಪಾಗುತ್ತಾಳೆ. 1935ರಲ್ಲಿ ಜೂಲಿಯಟ್. ಗಿಲ್‌ಗುಡ್ ಮತ್ತು ಒಲಿವಿಯರ್ ಎಂಬ ಇಬ್ಬರು ಹೆಸರಾಂತ ನಟರು ರೋಮಿಯೋ ಪಾತ್ರವನ್ನು ಸರದಿಯಲ್ಲಿ ಮಾಡಿದ ಪ್ರಯೋಗ ಅದು. 1963ರಲ್ಲಿ ಶೇಕ್ಸ್‌ಪಿಯರ್‌ನ ಐತಿಹಾಸಿಕ ನಾಟಕಗಳನ್ನು ಜೋಡಿಸಿದ 'ದಿ ವಾರ್ಸ್ ಆಫ್ ದಿ ರೋಸಸ್'. ಐವತ್ತು ದಾಟಿದ ಮೇಲೆ ಮಾರ್ಗರೆಟ್ ರಾಣಿಯ ಹರೆಯದಿಂದ ಮುಪ್ಪಿನವರೆಗೆ ಒಬ್ಬರೇ ಮಾಡಿದರು. ಇದನ್ನು ಬಿಬಿಸಿ ಚಿತ್ರೀಕರಿಸಿದ್ದರಿಂದ ಉಳಿಯಿತು. ಆ ಡೆಸ್ಡಿಮೋನಾ, ಆ ಜೂಲಿಯಟ್ ನಮಗೆ ನೋಡೋಕೆ ಸಿಗುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಸಿನಿಮಾಗಳಲ್ಲಿ ಅವರು ನಟಿಸಿದ್ದೇ ಕಡಿಮೆ.

"ಹಾಗಾದ್ರೆ ಜನ ಇವರನ್ನು ನೋಡಿದ್ದು ಮುದುಕಿ ಆದ್ಮೇಲೆ, ಅಲ್ವಾ?" ಅಂದರು ದೊಡ್ಡಮ್ಮ.

ಇಂಗ್ಲೆಂಡಿನ ನಾಟಕ ಪ್ರೇಮಿಗಳಿಗೆ ಮೊದಲೇ ಗೊತ್ತಿತ್ತು. 1956ರಲ್ಲೇ ಬ್ರಿಟನ್ನಿನ ಗೌರವವಾದ ಡೇಮ್ ಬಿರುದು ಬಂದಿತ್ತು. ಉಳಿದ ಪ್ರಪಂಚದ ಮಟ್ಟಿಗೆ ದೊಡ್ಡಮ್ಮನ ಮಾತೇ ಸರಿ. ಈ ಪಾತ್ರಕ್ಕೆ ಆಸ್ಕರ್ ಬಂದಾಗ ಅವರಿಗೆ 77. ಸಮಾರಂಭಕ್ಕೆ ಹೋಗಲಾಗಲಿಲ್ಲ, ಅವರ ಪರವಾಗಿ ಆಂಜೆಲಾ ಲ್ಯಾನ್ಸ್‌ಬರಿ ಪ್ರಶಸ್ತಿ ತೆಗೆದುಕೊಂಡರು. ಚಿತ್ರದಲ್ಲಿ ಎಲ್ಲವೂ ನನಗೆ ಹಿಡಿಸಿಲ್ಲ. ಅಲೆಕ್ ಗಿನೆಸ್ ಅಂಥ ದೊಡ್ಡ ನಟನಿಗೆ ಕಂದು ಬಣ್ಣ ಬಳಿದು ಹಿಂದೂ ಪ್ರೊಫೆಸರ್ ಗೋಡ್ಬೋಲೆ ಮಾಡಿದ್ದನ್ನು ಇವತ್ತು ನೋಡುವುದು ಹಿಂಸೆ. ಆದರೂ ಆ ಕುರ್ಚಿಯ ದೃಶ್ಯಕ್ಕಾಗಿ ಮತ್ತೆ ಮತ್ತೆ ನೋಡುತ್ತೇನೆ.

ಅದೇ 1984ರಲ್ಲಿ ಟೀವಿಯಲ್ಲಿ ಬಂದ ಧಾರಾವಾಹಿ 'ದಿ ಜ್ಯುವೆಲ್ ಇನ್ ದಿ ಕ್ರೌನ್'. ಅದರ ಒಂದಷ್ಟು ಭಾಗ ಮೈಸೂರಿನಲ್ಲೇ ತೆಗೆದದ್ದು ಅಂದ ಕೂಡಲೇ ದೊಡ್ಡಮ್ಮ ಎದ್ದು ಸೀರೆ ಕೊಡವಿದರು. ಅವರ ತವರು ಮೈಸೂರು. ಮನೆಗೆ ಬಂದು ಕಾಫಿ ಮಾಡಿಕೊಂಡು ಆ ಧಾರಾವಾಹಿ ಹಾಕಿದೆ. ಅದರಲ್ಲಿ ಪೆಗ್ಗಿ ನಿವೃತ್ತ ಮಿಷನರಿ ಟೀಚರ್ ಬಾರ್ಬಿ. ಯಾರಿಗೂ ಬೇಡವಾದ ಒಂಟಿ ಹೆಂಗಸು. ಹಿಡಿದ ಮಾತು ಬಿಡುವುದೇ ಇಲ್ಲ.

"ಇವರೇನಾ ನಿನ್ನೆಯವರು?" ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದರು. "ಇನ್ನೂ ಒಂದು ಕಂತು ಹಾಕೇ."