ಮೂವತ್ತು ಸೆಂಟು ಪೈಸಾರಿ

2021ರ ಕಕ್ಕಡ ತಿಂಗಳು, ಕೊಡಗಿನಲ್ಲಿ ಜಡಿಮಳೆಯ ಕಾಲ. ಮೂರು ದಿನದಿಂದ ಬಿಡದೆ ಮಳೆ, ಕರೆಂಟೂ ಇರಲಿಲ್ಲ. ಬೆಳಿಗ್ಗೆ ಆರೂವರೆಗೆ ಯಾರೋ ಬಾಗಿಲು ಬಡಿದರು. ತೆಗೆದು ನೋಡಿದರೆ ಕಾಫಿ ತೋಟದ ಕೂಲಿಯವರ ಲೈನ್‌ಮನೆಯ ಹುಡುಗ. ಗೊಬ್ಬರದ ಚೀಲವನ್ನು ಮಡಚಿ ತಲೆಗೆ ಹಾಕಿಕೊಂಡಿದ್ದ. ಒಳಗೆ ಬಾ ಎಂದರೂ ಬರಲಿಲ್ಲ.

"ಮೆಂಬರಕ್ಕ, ರಾತ್ರಿ ಅವ್ವ ಹೋಗಿಬಿಟ್ಟಳು. ಎಲ್ಲಿ ಇಡೋದು?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವನ ಅವ್ವ, ಆ ಯರವ ಬುಡಕಟ್ಟಿನ ಅಜ್ಜಿ, ನಲವತ್ತು ವರ್ಷ ಒಂದೇ ತೋಟದಲ್ಲಿ ಕಾಫಿ ಕೊಯ್ದವಳು. ಮೊದಲೆಲ್ಲ ಲೈನ್‌ಮನೆಯವರು ತೀರಿಕೊಂಡರೆ ತೋಟದ ಒಂದು ಮೂಲೆಯಲ್ಲಿ ಮಣ್ಣು ಮಾಡುತ್ತಿದ್ದರು. ತೋಟ ಕೈ ಬದಲಾಯಿತು. ಆ ಮೂಲೆಯಲ್ಲಿ ಈಗ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ಹೊಸಬರು ಇಲ್ಲಿ ಬೇಡ ಅಂದರು. ಕೊನೆಗೆ ಸಂಜೆ ನಾಲ್ಕಕ್ಕೆ ಒಂದು ಪಿಕಪ್‌ನಲ್ಲಿ ಅಜ್ಜಿಯನ್ನು ದೂರದ ಹಾಡಿಗೆ ಒಯ್ದೆವು. ಅಲ್ಲಿ ಅವಳ ತಂಗಿಯ ಕಡೆಯವರಿದ್ದರು. ಅಲ್ಲೂ ಜಾಗ ಸಾಕಾಗುತ್ತಿರಲಿಲ್ಲ. ಗುಂಡಿ ತೋಡಿದಷ್ಟೂ ನೀರು ತುಂಬುತ್ತಿತ್ತು. ಆ ಹುಡುಗ ಬಕೆಟ್‌ನಲ್ಲಿ ನೀರು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದ.

ಅವತ್ತು ರಾತ್ರಿ ನಮ್ಮ ಚರ್ಚಿನ ಸಮಾಧಿ ಭೂಮಿ ಕಣ್ಣ ಮುಂದೆ ಬಂತು. ಸುತ್ತ ಗೋಡೆ, ಕಬ್ಬಿಣದ ಗೇಟು, ಸಾಲಾಗಿ ಶಿಲುಬೆ. ನನ್ನ ಅಪ್ಪ, ಅಮ್ಮ, ಅತ್ತೆ ಎಲ್ಲರೂ ಅಲ್ಲೇ ಇದ್ದಾರೆ. ನಾನು ಎಲ್ಲಿ ಮಲಗುತ್ತೇನೆ ಎಂದೂ ಗೊತ್ತು.

ನಾನು ಟೈಲರ್. ಕೊಡಗಿನ ಸಿದ್ದಾಪುರ ಕಡೆಯ ಒಂದು ಚಿಕ್ಕ ಊರಿನಲ್ಲಿ ಅಂಗಡಿ ಇದೆ. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂದಾಗ ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು. "ನಮ್ಮವರೂ ಒಬ್ಬರು ಒಳಗಿರಲಿ" ಎಂದು ಚರ್ಚಿನ ಹಿರಿಯರು ಮನೆಗೆ ಬಂದು ಒತ್ತಾಯ ಮಾಡಿದರು. ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ಅಲ್ವಾ, ಹಾಗಾಗಿ ಧೈರ್ಯ ಮಾಡಿದೆ. ಗೆದ್ದೆ. ಆಗ ನನ್ನ ಮನಸ್ಸಿನಲ್ಲೂ 'ನಮ್ಮವರು' ಅಂದರೆ ಯಾರು ಎಂಬ ಪ್ರಶ್ನೆ ಇರಲಿಲ್ಲ.

ಸೇವೆ ಮಾಡಿ ಗೊತ್ತಿಲ್ಲದವಳೇನಲ್ಲ ನಾನು. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿಯ ಮನೆಗಳು ಮುಳುಗಿದಾಗ ನಾವೊಂದಷ್ಟು ಹೆಂಗಸರು ಅಕ್ಕಿ, ಕಂಬಳಿ ಕೂಡಿಸಿ ಪರಿಹಾರ ಕೇಂದ್ರಕ್ಕೆ ಹೋಗಿದ್ದೆವು. ಜೊತೆಗೆ ಒಂದು ಬ್ಯಾನರ್ ಕೂಡ ಇತ್ತು. ಒಬ್ಬೊಬ್ಬರ ಕೈಗೆ ಚೀಲ ಕೊಡುವಾಗಲೂ ಫೋಟೋ. ಒಬ್ಬ ಅಮ್ಮ ಚೀಲ ತೆಗೆದುಕೊಂಡು ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು "ಇತ್ತ ನೋಡಿ ಅಮ್ಮ" ಅಂದೆ. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಎಡಗೈಗೆ ಗೊತ್ತಾಗದಂತೆ ಬಲಗೈ ಕೊಡಲಿ ಎಂದು ಮಕ್ಕಳಿಗೆ ಕಲಿಸುವವಳು ನಾನೇ. ಅದೇ ಕೇಂದ್ರದಲ್ಲಿ ಆಗಿನ ಒಬ್ಬ ವಾರ್ಡ್ ಸದಸ್ಯರು ದಿನಾ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಜನ ಏಳುವ ಮೊದಲು ಕಕ್ಕಸು ತೊಳೆದಿಡುತ್ತಿದ್ದರು. ಅವರು ಕ್ರೈಸ್ತರಲ್ಲ. ಅವರದ್ದು ಒಂದೇ ಒಂದು ಫೋಟೋ ನಾನು ನೋಡಿಲ್ಲ.

ಮೆಂಬರ್ ಆದ ಮೇಲೆ ವೇದಿಕೆ ಎಂದರೆ ಏನು ಎಂದು ತಿಳಿಯಿತು. ಯಾವ ಕಾರ್ಯಕ್ರಮಕ್ಕೆ ಹೋದರೂ ಮೊದಲ ಚಿಂತೆ ಕುರ್ಚಿ. ಮೊದಲ ಸಾಲಿನಲ್ಲಿ ಯಾರು, ಎರಡನೆಯದರಲ್ಲಿ ಯಾರು, ಶಾಲು ಯಾರಿಗೆ, ಹೆಸರು ಬಿಟ್ಟುಹೋಯಿತಾ. ಮಾರ್ಕನ ಶುಭಸಂದೇಶದ ಹತ್ತನೇ ಅಧ್ಯಾಯದಲ್ಲಿ ಯಕೋಬ, ಯೊವಾನ್ನ ಅಣ್ಣತಮ್ಮಂದಿರು ಬಂದು ಸ್ವಾಮಿಯ ಬಲಗಡೆ ಒಬ್ಬ, ಎಡಗಡೆ ಒಬ್ಬ ಕೂರಬೇಕು ಎಂದು ಕೇಳುತ್ತಾರೆ. ಮತ್ತಾಯನಲ್ಲಿ ಅದನ್ನು ಕೇಳುವುದು ಅವರ ತಾಯಿ. ಇಬ್ಬರು ಗಂಡುಮಕ್ಕಳ ತಾಯಿ ನಾನು. ಅವಳ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಯೇಸುಸ್ವಾಮಿ ಅಲ್ಲಿ ಕೊಡುವ ಉತ್ತರ ನೇರವಾಗಿ ಅಧಿಕಾರದ ಬಗ್ಗೆ. ಲೋಕದ ದೊರೆಗಳು ಜನರ ಮೇಲೆ ದೊರೆತನ ಮಾಡುತ್ತಾರೆ, ನಿಮ್ಮಲ್ಲಿ ಹಾಗಾಗಬಾರದು, ಮೊದಲನೆಯವನಾಗಬೇಕು ಎನ್ನುವವನು ಎಲ್ಲರ ಆಳಾಗಲಿ. ಇದು ಚರ್ಚಿನ ಒಳಗೆ ಮಾತ್ರ ಎಂದು ಅವರು ಎಲ್ಲೂ ಹೇಳಲಿಲ್ಲ. ಪಂಚಾಯ್ತಿಯ ಕುರ್ಚಿಗೂ ಇದು ಸೇರುತ್ತದೆ ಎಂದೇ ನಾನು ನಂಬಿದ್ದೇನೆ.

ಅಜ್ಜಿಯ ಮಣ್ಣಾದ ವಾರ ಪಿಡಿಒ ಹತ್ತಿರ ಹೋದೆ. ಸ್ಮಶಾನಕ್ಕೆ ಜಾಗ ಕೊಡುವ ಅಧಿಕಾರ ಪಂಚಾಯ್ತಿಗೆ ಇಲ್ಲ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಮಿನಲ್ಲಿ ಜಿಲ್ಲಾಧಿಕಾರಿ ಸರ್ಕಾರಿ ಜಾಗವನ್ನು ಅದಕ್ಕೆಂದು ಕಾಯ್ದಿರಿಸಬೇಕು. ನಾವು ಸಭೆಯಲ್ಲಿ ನಿರ್ಣಯ ಮಾಡಿ ಕಳಿಸಬಹುದು. ಅದಕ್ಕೆ ಮೊದಲು ಪೈಸಾರಿ, ಅಂದರೆ ಖಾಲಿ ಸರ್ಕಾರಿ ಜಾಗ, ಎಲ್ಲಿದೆ ಎಂದು ಹುಡುಕಬೇಕು. ಕೊಡಗಿನವರಿಗೆ ಹೇಳಬೇಕಾಗಿಲ್ಲ, ಪೈಸಾರಿ ಕಾಗದದಲ್ಲಿ ಮಾತ್ರ ಖಾಲಿ ಇರುತ್ತದೆ. ನೆಲದ ಮೇಲೆ ಯಾರದ್ದಾದರೂ ಕಾಫಿ ಗಿಡ ಇದ್ದೇ ಇರುತ್ತದೆ.

ಅರ್ಜಿ ಕೊಟ್ಟು, ಫೀಸು ಕಟ್ಟಿ, ಸರ್ವೆಯರ್ ಬರುವ ಹೊತ್ತಿಗೆ ಎಂಟು ತಿಂಗಳು. ಅಂಗಡಿ ಮುಚ್ಚಿ ತಾಲೂಕು ಕಚೇರಿಗೆ ಎಷ್ಟು ಸಲ ಹೋದೆ ಎಂದು ಲೆಕ್ಕ ಇಟ್ಟಿಲ್ಲ. ಕೊನೆಗೂ ಲೈನ್‌ಮನೆಗಳಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಐವತ್ತು ಸೆಂಟು, ಅಂದರೆ ಅರ್ಧ ಎಕರೆ, ಪೈಸಾರಿ ಸಿಕ್ಕಿತು. ಸರಪಳಿ ಎಳೆದು, ಕಲ್ಲು ಹುಡುಕಿ ಸರ್ವೆಯರ್ ನಿಂತ ಜಾಗ ನೋಡಿ ನನ್ನ ಎದೆ ಧಸಕ್ಕೆಂದಿತು. ಅದು ಒಂದು ತೋಟದ ಬೇಲಿಯ ಒಳಗಿತ್ತು. ತೋಟದವರು ನಮ್ಮ ಚರ್ಚಿನವರೇ. ಚುನಾವಣೆಗೆ ನಿಲ್ಲಿ ಎಂದು ನಮ್ಮ ಮನೆಗೆ ಬಂದಿದ್ದ ಹಿರಿಯರಲ್ಲಿ ಒಬ್ಬರು.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಬೇರೆ ಜಾಗ ಸಿಗಬಾರದಾ ಎಂದು ಪ್ರಾರ್ಥನೆ ಕೂಡ ಮಾಡಿದೆ. ಸಿಗಲಿಲ್ಲ. ಐದನೇ ದಿನ ಅವರ ಮನೆಗೆ ಹೋದೆ.

ಅಕ್ಕ ಕಾಫಿ ಕೊಟ್ಟರು. ಅಂಕಲ್ ಎಲ್ಲ ಕೇಳಿಸಿಕೊಂಡರು. ಕೋಪ ಮಾಡಿಕೊಳ್ಳಲಿಲ್ಲ. "ಮಗಳೇ, ನಾವು ಈ ಊರಿನಲ್ಲಿ ಎಷ್ಟು ಜನ ಇದ್ದೇವೆ? ನಮ್ಮವರು ನಮ್ಮವರನ್ನೇ ನೋಡಿಕೊಳ್ಳದಿದ್ದರೆ ಇನ್ಯಾರು ನೋಡುತ್ತಾರೆ?" ಎಂದರು. ಆ ಮಾತಿನಲ್ಲಿ ಮೋಸ ಇರಲಿಲ್ಲ. ಅವರ ಅಪ್ಪ ಏನೂ ಇಲ್ಲದೆ ಬಂದು ಆ ಗಿಡ ನೆಟ್ಟವರು. ಕಡಿಮೆ ಜನ ಇರುವವರ ಹೆದರಿಕೆ ನನಗೂ ಗೊತ್ತು.

ನಾನು ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚಿನ ಕಥೆ ತೆಗೆದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕರಾವಳಿಯ ಕ್ರೈಸ್ತರಿಗೆ ಜಾಗ ಕೊಟ್ಟವರು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ. ಅವರ ವಂಶದ ಹಾಲೇರಿ ಅರಸರು ವೀರಶೈವರು. 1792ರಲ್ಲಿ ಚರ್ಚು ಶುರುವಾದದ್ದು ಹಾಗೆ. ಆ ರಾಜ "ನಮ್ಮವರು ನಮ್ಮವರಿಗೆ" ಎಂದಿದ್ದರೆ ನಾವು ಎಲ್ಲಿರುತ್ತಿದ್ದೆವು ಅಂಕಲ್ ಎಂದು ಕೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದರು.

ಇದಕ್ಕೂ ದೊಡ್ಡ ಉದಾಹರಣೆಯೊಂದು ನನಗೆ ಆಮೇಲೆ ಗೊತ್ತಾಯಿತು, ಫಾದರ್ ಹೇಳಿದ್ದು. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಎಚ್.ಸಿ. ಮುಖರ್ಜಿ ಬಂಗಾಳದ ಕ್ರೈಸ್ತರು, ಅಲ್ಪಸಂಖ್ಯಾತರ ಉಪಸಮಿತಿಗೂ ಅವರೇ ಅಧ್ಯಕ್ಷರು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರೂ ಆ ಸಭೆಯಲ್ಲಿದ್ದರು. ಧರ್ಮದ ಲೆಕ್ಕದಲ್ಲಿ ಶಾಸನಸಭೆಗಳಲ್ಲಿ ಸೀಟು ಮೀಸಲಿಡುವುದು ಬೇಡ ಎಂದು 1949ರಲ್ಲಿ ತೀರ್ಮಾನವಾದಾಗ ಇಬ್ಬರೂ ಅದರ ಪರವಾಗಿ ನಿಂತರು. ದೇಶ ಒಡೆದು ಇನ್ನೂ ಎರಡು ವರ್ಷ ಆಗಿಲ್ಲ. ಅಂಥ ಹೊತ್ತಿನಲ್ಲಿ ತಮ್ಮವರ ಕುರ್ಚಿಯನ್ನು ತಾವೇ ಬಿಟ್ಟುಕೊಟ್ಟು, ಉಳಿದವರ ಮೇಲೆ ನಂಬಿಕೆ ಇಟ್ಟರು. ಅದು ಸರಿಯೋ ತಪ್ಪೋ ಎಂದು ನಮ್ಮವರಲ್ಲಿ ವಾದ ಮಾಡುವವರಿದ್ದಾರೆ. ನನಗೆ ಮಾತ್ರ ಅದನ್ನು ಕೇಳಿದಾಗ ಬೆನ್ನು ನೆಟ್ಟಗಾಯಿತು.

2022ರ ಕೊನೆಯ ಗ್ರಾಮಸಭೆಯಲ್ಲಿ ವಿಷಯ ಇಟ್ಟೆ. ಲೈನ್‌ಮನೆಯವರು ಯಾವತ್ತೂ ಗ್ರಾಮಸಭೆಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಎಂದರೆ ಅವರ ಒಂದು ದಿನದ ಕೂಲಿ ಹೋಯಿತು. ಈ ಸಲ ರಜೆಯ ದಿನ ಇಡಿಸಿದ್ದೆ. ಇಪ್ಪತ್ತು ಜನ ಬಂದರು. ಹಿಂದಿನ ಗೋಡೆಗೆ ಒರಗಿ ನಿಂತರು, ಕುರ್ಚಿ ಖಾಲಿ ಇದ್ದರೂ ಕೂರಲಿಲ್ಲ. ನಾನು ಕೆಳಗಿಳಿದು ಹೋಗಿ ಒಬ್ಬೊಬ್ಬರನ್ನೇ ಕೂರಿಸಬೇಕಾಯಿತು.

ಆ ವರ್ಷವೇ ಮತಾಂತರ ತಡೆಯುವ ಕಾಯ್ದೆ ಬಂದಿತ್ತು. ಹಾಗಾಗಿ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತಿತ್ತು. ಒಬ್ಬರು ಎದ್ದು, "ಇವರಿಗೆ ಯರವರ ಮೇಲೆ ಏಕೆ ಇಷ್ಟು ಪ್ರೀತಿ? ನಾಳೆ ಅಲ್ಲಿ ಶಿಲುಬೆ ನೆಡೋಕಾ?" ಎಂದರು. ಸಭೆ ಸುಮ್ಮನಾಯಿತು. ನನ್ನ ಕೈ ನಡುಗುತ್ತಿತ್ತು. ನಾನು ಇಷ್ಟೇ ಹೇಳಿದೆ: ಜಾಗ ಅವರ ಸ್ಮಶಾನ ಎಂದೇ ಬರೆಯಿರಿ. ಅವರ ಹಿರಿಯರ ಪದ್ಧತಿಯಲ್ಲೇ ಮಣ್ಣು ಮಾಡಲಿ. ನನ್ನ ಹೆಸರೂ ಬೇಡ, ನಮ್ಮ ಚರ್ಚಿನ ಹೆಸರೂ ಬೇಡ, ಪಂಚಾಯ್ತಿ ಬೋರ್ಡು ಸಾಕು. ಆಗ ಹಿಂದಿನಿಂದ ಆ ಹುಡುಗ ಮಾತಾಡಿದ. ಮಳೆಯಲ್ಲಿ ಬಕೆಟ್‌ನಿಂದ ನೀರು ಎತ್ತಿದ ಹುಡುಗ. "ನಮ್ಮವ್ವನ್ನ ಇಡೋಕೆ ಜಾಗ ಕೇಳ್ತಾ ಇರೋದು ನಾನು, ಅಕ್ಕ ಅಲ್ಲ" ಅಂದ. ನಿರ್ಣಯ ಆಯಿತು.

ಐವತ್ತು ಸೆಂಟಿನಲ್ಲಿ ಮೂವತ್ತು ಸೆಂಟು ಬಿಡಿಸಲು ಆಯಿತು. ಉಳಿದ ಇಪ್ಪತ್ತರ ಮೇಲೆ ತಕರಾರು ಹಾಗೇ ಇದೆ. ಬೇಲಿ ಸರಿಸಿದ ದಿನ ಅಂಕಲ್ ತೋಟಕ್ಕೆ ಬರಲಿಲ್ಲ. ನಲವತ್ತು ವರ್ಷದ ರೊಬಸ್ಟಾ ಗಿಡಗಳನ್ನು ಕಡಿಯುವಾಗ ನನಗೂ ಹೊಟ್ಟೆ ಉರಿಯಿತು, ನಿಜ ಹೇಳಬೇಕು. ಆಮೇಲೆ ನಮ್ಮ ಜನರಲ್ಲಿ ಕೆಲವರು ನನ್ನ ಅಂಗಡಿಗೆ ಬರುವುದು ಬಿಟ್ಟರು. ಆ ವರ್ಷ ಮೇ ತಿಂಗಳಿನ ಮದುವೆಗಳಲ್ಲಿ ಚರ್ಚಿನ ಮೂರು ಮನೆಯ ಬ್ಲೌಸು ಬೇರೆ ಕಡೆ ಹೋಯಿತು. ನನ್ನ ಯಜಮಾನರು ಒಂದು ಮಾತೂ ಆಡಲಿಲ್ಲ. ರಾತ್ರಿ ಕೂತು ಕಾಜಾ ಹೊಲಿಯಲು ಕಲಿತರು, ಅಷ್ಟೇ.

ಮುಂದಿನ ವರ್ಷ ಪವಿತ್ರ ಗುರುವಾರಕ್ಕೆ ಸ್ವಾಮಿ ಶಿಷ್ಯರ ಪಾದ ತೊಳೆದದ್ದರ ನೆನಪಿಗೆ ಫಾದರ್ ಪಾದ ತೊಳೆಯುವ ಹನ್ನೆರಡು ಜನರಲ್ಲಿ ನನ್ನನ್ನೂ ಕರೆದರು. ನಾನು ಚಿಕ್ಕವಳಿದ್ದಾಗ ಆ ಸಾಲಿನಲ್ಲಿ ಬರೀ ಗಂಡಸರು. ಪೋಪ್ ಫ್ರಾನ್ಸಿಸ್ 2013ರಲ್ಲಿ, ತಮ್ಮ ಮೊದಲ ಪವಿತ್ರ ಗುರುವಾರದಂದೇ, ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಮಕ್ಕಳ ಕಾಲು ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರು, ಒಬ್ಬಳು ಮುಸ್ಲಿಂ. 2016ರಲ್ಲಿ ನಿಯಮವನ್ನೇ ಬದಲಿಸಿ ಹೆಂಗಸರಿಗೂ ಜಾಗ ಮಾಡಿದರು. ನನ್ನಿಂದ ಎರಡು ಕುರ್ಚಿ ಆಚೆ ಅಂಕಲ್ ಕೂತಿದ್ದರು. ಫಾದರ್ ಬೇಕೆಂದೇ ಕರೆದರೋ ಏನೋ, ಕೇಳಲಿಲ್ಲ.

ಯೊವಾನ್ನನ ಹದಿಮೂರನೇ ಅಧ್ಯಾಯ ಓದುತ್ತಿದ್ದರು. ಅವತ್ತು ನನ್ನ ಮನಸ್ಸು ನಿಂತದ್ದು ಸ್ವಾಮಿಯನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಮೇಲೆ. ಅವನು ಎದ್ದು ಹೋಗುವುದು ಆಮೇಲೆ. ಸ್ವಾಮಿ ನಡುವಿಗೆ ಟವೆಲು ಕಟ್ಟಿಕೊಂಡು ತೊಳೆದ ಕಾಲುಗಳಲ್ಲಿ ಅವನದ್ದೂ ಇತ್ತು. ಅಂಕಲ್‌ನ ಯೂದ ಎನ್ನುತ್ತಿಲ್ಲ ನಾನು. ಆ ಸಾಲಿನಲ್ಲಿ ಯಾರು ಯಾರಿಗೆ ಮೋಸ ಮಾಡಿದವರು ಎಂದು ಅವರನ್ನು ಕೇಳಿದ್ದರೆ, ನನ್ನ ಕಡೆಗೇ ಬೆರಳು ತೋರಿಸುತ್ತಿದ್ದರು. ಅವರ ಹಿಮ್ಮಡಿ ನೋಡಿದೆ. ತೋಟದಲ್ಲಿ ದುಡಿದ ಕಾಲು, ಬಿರುಕು ಬಿಟ್ಟಿತ್ತು. ಪೂಜೆ ಮುಗಿದ ಮೇಲೆ ಅಕ್ಕ ಬಂದು ನನ್ನ ಕೈ ಹಿಡಿದುಕೊಂಡರು. ಅಂಕಲ್ ಜೀಪಿನ ಹತ್ತಿರ ನಿಂತಿದ್ದರು. ಇವತ್ತಿಗೂ ನಮ್ಮ ನಡುವೆ ಮಾತು ಅಷ್ಟಕ್ಕಷ್ಟೇ.

ಈಗ ನನ್ನ ಐದು ವರ್ಷ ಮುಗಿದಿದೆ. ಆ ಮೂವತ್ತು ಸೆಂಟಿನಲ್ಲಿ ಇದುವರೆಗೆ ಒಂಬತ್ತು ಜನರನ್ನು ಮಣ್ಣು ಮಾಡಿದ್ದಾರೆ. ಒಮ್ಮೆ ಆನೆ ಬಂದು ತಂತಿ ಬೇಲಿ ಎಳೆದುಹಾಕಿತು, ಹುಡುಗರೇ ಸರಿ ಮಾಡಿಕೊಂಡರು. ನಲ್ಲಿ ಮಾತ್ರ ಬಂದಿಲ್ಲ. ಪೈಪು ಬರಬೇಕಾದರೆ ಎರಡು ತೋಟ ದಾಟಬೇಕು, ಒಂದು ತೋಟದವರ ಒಪ್ಪಿಗೆ ಇನ್ನೂ ಬಾಕಿ. ಮಣ್ಣು ಮಾಡಿದ ಮೇಲೆ ಕೈಕಾಲು ತೊಳೆಯದೆ ಯಾರೂ ಮನೆಗೆ ಹೋಗುವುದಿಲ್ಲ. ಹಾಗಾಗಿ ಸಾವಿನ ಸುದ್ದಿ ಬಂದರೆ ಯಜಮಾನರು ಸ್ಕೂಟರ್‌ನಲ್ಲಿ ಇಪ್ಪತ್ತು ಲೀಟರಿನ ಎರಡು ಕ್ಯಾನ್ ನೀರು ಇಟ್ಟುಕೊಂಡು ನನ್ನನ್ನು ಅಲ್ಲಿ ಬಿಡುತ್ತಾರೆ. ನಾನು ಗೇಟಿನ ಹತ್ತಿರ ನಿಂತು ಚೆಂಬಿನಲ್ಲಿ ಒಬ್ಬೊಬ್ಬರಿಗೂ ನೀರು ಹೊಯ್ಯುತ್ತೇನೆ. ಮಳೆಗಾಲದಲ್ಲಿ ಕೆಸರು ಜಾಸ್ತಿ, ಎರಡು ಕ್ಯಾನ್ ಸಾಲುವುದಿಲ್ಲ. ಬರುವ ಸೋಮವಾರ ಆ ತೋಟದ ಸಾಹುಕಾರರನ್ನು ಇನ್ನೊಮ್ಮೆ ಕಾಣಲು ಹೋಗುತ್ತಿದ್ದೇನೆ. ಆ ಹುಡುಗನೂ ಬರುತ್ತಾನಂತೆ.