ಕಡಲಾಮೆ ಗೂಡು ಕಾಯುವವರಿಗೆ ಮೊದಲು ಕಲಿಸಬೇಕಾದ್ದು

ಕಡಲಾಮೆ ಸಂರಕ್ಷಣೆಯ ತರಬೇತಿ ಅಂದರೆ ಎಷ್ಟೋ ಕಡೆ ಆಗುವುದು ಇಷ್ಟೇ: ಶಾಲೆಯ ಸಭಾಂಗಣದಲ್ಲಿ ಸ್ಲೈಡ್ ಶೋ, ಕೂರ್ಮಾವತಾರದ ಮೇಲೆ ನಾಲ್ಕು ಮಾತು, ಟೀ ಶರ್ಟ್, ಗುಂಪು ಫೋಟೋ. ಆಮೆ ದೇವರೆಂದು ನಮ್ಮ ಕರಾವಳಿಯ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಲೆಗೆ ಬಿದ್ದ ಆಮೆಗೆ ಕುಂಕುಮ ಹಚ್ಚಿ, ಕೈಮುಗಿದು ನೀರಿಗೆ ಬಿಡುವವರು ಈಗಲೂ ಇದ್ದಾರೆ. ಅವರಿಗೆ ಕಲಿಸಬೇಕಾದ್ದು ಕೈಗೆಲಸ, ಅದರಲ್ಲೂ ಎಲ್ಲಿ ಕೈ ಹಾಕಬಾರದು ಎಂಬುದು.

ಕರ್ನಾಟಕದ ದಡದಲ್ಲಿ ಮೊಟ್ಟೆಯಿಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆ. ಹೊನ್ನಾವರದ ಕಾಸರಕೋಡು ಟೊಂಕ, ಕಾರವಾರದ ಸುತ್ತಿನ ದಡಗಳು, ಕುಂದಾಪುರ–ಬೈಂದೂರು ಕಡೆ, ಈಚೆಗೆ ಮಂಗಳೂರಿನ ಸಸಿಹಿತ್ಲು, ತಣ್ಣೀರುಬಾವಿಯಲ್ಲೂ ಗೂಡು ಸಿಕ್ಕಿವೆ. ಒಡಿಶಾದ ಗಹಿರ್ಮಾಥಾ, ಋಷಿಕುಲ್ಯಾದ ಹಾಗೆ ಇಲ್ಲಿ ಸಾವಿರಗಟ್ಟಲೆ ಆಮೆ ಒಟ್ಟಿಗೆ ಏರುವುದಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಒಂಟಿ ಆಮೆ ಬರುತ್ತದೆ, ಮೊಟ್ಟೆಯಿಡುತ್ತದೆ, ಹೋಗುತ್ತದೆ. ಹಾಗಾಗಿ ಗೂಡು ಹುಡುಕುವುದೇ ಅರ್ಧ ಕೆಲಸ. ದೊಡ್ಡ ಸ್ವಯಂಸೇವಕರ ಪಡೆ ಇದಕ್ಕೆ ಬೇಡ. ಬೆಳಕು ಹರಿಯುವ ಮುಂಚೆ ಹೇಗೂ ದಡದಲ್ಲಿರುವ ರಂಪಣಿಯವರು (ದಡದಿಂದ ಎಳೆಯುವ ದೊಡ್ಡ ಬಲೆಯ ಮೀನುಗಾರರು), ಮೀನು ಹೊರುವ ಹೆಂಗಸರು, ಅಂಗಡಿ ತೆರೆಯುವವರು ಸಾಕು. ಗಾಳಿ ಎದ್ದು, ವಾಕಿಂಗಿನವರು ಓಡಾಡಿದ ಮೇಲೆ ಜಾಡು ಉಳಿಯುವುದಿಲ್ಲ.

ಜಾಡು ಸುಮಾರು 70–80 ಸೆಂ.ಮೀ. ಅಗಲ. ಎಡ–ಬಲ ಈಜುಗಾಲಿನ ಗುರುತು ಒಂದಾದ ಮೇಲೊಂದು, ಓರೆಯಾಗಿ ಬಿದ್ದಿರುತ್ತದೆ. ಏರಿದ ಜಾಡು, ಇಳಿದ ಜಾಡು ಎರಡೂ ಇದ್ದು, ನಡುವೆ ಮರಳು ಕೆದರಿ ಹರಡಿದ್ದರೆ ಅಲ್ಲಿ ಗೂಡು ಇರುವ ಸಾಧ್ಯತೆ ಹೆಚ್ಚು. ಮರಳು ಕೆದರದೆ ಬರೀ ತಿರುಗಿ ಹೋದ ಜಾಡಿದ್ದರೆ ಆಮೆ ಬೆದರಿದೆ, ಬಹುಮಟ್ಟಿಗೆ ಬೆಳಕಿಗೋ ಜನಕ್ಕೋ. ಅದನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಯಾವ ದೀಪದ ಎದುರು ಹೀಗಾಗುತ್ತಿದೆ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಗೂಡು ಕಂಡಕೂಡಲೇ ಅಗೆಯಬಾರದು. ಉಬ್ಬರದ ಗೆರೆಗಿಂತ ಮೇಲಿದೆಯೇ ಎಂಬುದು ಮೊದಲ ಪ್ರಶ್ನೆ, ಅದೂ ಹುಣ್ಣಿಮೆ–ಅಮಾವಾಸ್ಯೆಯ ದೊಡ್ಡ ಉಬ್ಬರದ ಗೆರೆ. ಮೇಲಿದ್ದರೆ ಗೂಡು ಅಲ್ಲೇ ಇರಲಿ. ಮೊಟ್ಟೆ ಎಲ್ಲಿದೆ ಎಂದು ನೋಡುವ ಅಗತ್ಯವೂ ಇಲ್ಲ. ಗೂಡಿನ ನೆತ್ತಿಗೆ ಬಾವುಟ ನೆಟ್ಟರೆ ಊರೆಲ್ಲ ಬಂದು ನಿಲ್ಲುತ್ತದೆ. ಅದರ ಬದಲು ಅಲುಗಾಡದ ಎರಡು ಗುರುತುಗಳಿಂದ (ಒಂದು ತೆಂಗಿನಮರ, ಒಂದು ಕಲ್ಲುಕಂಬ ಅನ್ನಿ) ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ನಾಯಿ, ನರಿಯ ಕಾಟವಿದ್ದರೆ ತಂತಿ ಜಾಲರಿ ಹಾಸಬೇಕು. ಕಣ್ಣು 10 ಸೆಂ.ಮೀ.ನಷ್ಟು ಅಗಲವಿದ್ದರೆ ಮರಿ ತಾನಾಗಿ ಹೊರಬರುತ್ತದೆ. ಜಾಲರಿಯ ಅಂಚನ್ನು 30 ಸೆಂ.ಮೀ. ಆಳಕ್ಕೆ ಹೂಳದಿದ್ದರೆ ನಾಯಿ ಪಕ್ಕದಿಂದ ತೋಡುತ್ತದೆ. ಹಳೆ ಬಲೆ ಸುತ್ತಿ ಬೇಲಿ ಮಾಡುವುದು ಅಗ್ಗವೇನೋ ಹೌದು, ಆದರೆ ಹೊರಬಂದ ಮರಿಗಳ ಕತ್ತು ಅದರಲ್ಲೇ ಸಿಕ್ಕಿಕೊಳ್ಳುತ್ತದೆ.

ಸ್ಥಳಾಂತರ ಕೊನೆಯ ಆಯ್ಕೆ. ತಡೆಗೋಡೆಯ ಕಲ್ಲು ಬಿದ್ದು ಮರಳು ಸವೆದಿರುವ ನಮ್ಮ ದಡಗಳಲ್ಲಿ ನೀರಿನ ಅಂಚಿಗೇ ಮೊಟ್ಟೆಯಿಡುವುದು ಉಂಟು, ಆಗ ಬೇರೆ ದಾರಿಯಿಲ್ಲ. ಆಲಿವ್ ರಿಡ್ಲೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಮೊಟ್ಟೆ ಮುಟ್ಟಿದರೂ ಅಪರಾಧ, ಉದ್ದೇಶ ಎಷ್ಟೇ ಒಳ್ಳೆಯದಿರಲಿ.

ಇಲ್ಲಿ ಗಡಿಯಾರವೇ ಮುಖ್ಯ. ಮೊಟ್ಟೆಯಿಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಚಿಪ್ಪಿನ ಒಳಪೊರೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಉರುಳಿದರೆ ಆ ಅಂಟು ಹರಿದು ಭ್ರೂಣ ಸಾಯುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಆರು ಗಂಟೆಯೊಳಗೆ ಕೆಲಸ ಮುಗಿಯಬೇಕು. ತಡವಾಗಿಯೂ ಸಾಗಿಸಲೇಬೇಕಾದರೆ ಪ್ರತಿ ಮೊಟ್ಟೆಯ ನೆತ್ತಿಗೆ ಮೆತ್ತನೆ ಪೆನ್ಸಿಲಿನಿಂದ ಚುಕ್ಕೆ ಇಟ್ಟು, ಆ ಚುಕ್ಕೆ ಸದಾ ಮೇಲಿರುವಂತೆ ಎತ್ತಿ ಇಡಬೇಕು. ಗುದ್ದಲಿ ಬೇಡವೇ ಬೇಡ. ಮೇಲಿನ ಮರಳು ಸರಿಸಿ, ಮೆತ್ತಗಿನ ಜಾಗ ಸಿಕ್ಕಲ್ಲಿ ಬೆರಳಿನಿಂದ ಇಳಿಯಬೇಕು. ಕೋಲು ಚುಚ್ಚಿ ಹುಡುಕುವುದು ಪಳಗಿದ ಕೈಗೆ ಮಾತ್ರ. ಹೊಸಬರು ಚುಚ್ಚಿದರೆ ಮೊಟ್ಟೆ ಒಡೆದು, ಆ ವಾಸನೆಗೆ ಇರುವೆ, ಏಡಿ ಬಂದು ಇಡೀ ಗೂಡು ಕೆಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮೊಟ್ಟೆ ಬೆವರಿ ಉಸಿರುಗಟ್ಟುತ್ತದೆ. ಬಕೆಟ್ಟಿನ ತಳಕ್ಕೆ ಅದೇ ಗೂಡಿನ ಒದ್ದೆ ಮರಳು ಹಾಸಿ, ಒಂದೊಂದಾಗಿ ಜೋಡಿಸಿ ಎಣಿಸಿಕೊಳ್ಳಿ. ಸಾಮಾನ್ಯವಾಗಿ 100–120 ಇರುತ್ತವೆ.

ಇದನ್ನು ಸಭಾಂಗಣದಲ್ಲಿ ಹೇಳಿಕೊಟ್ಟರೆ ಯಾರಿಗೂ ಬರುವುದಿಲ್ಲ. ಟೇಬಲ್ ಟೆನ್ನಿಸ್ ಚೆಂಡು 40 ಮಿ.ಮೀ., ಆಲಿವ್ ರಿಡ್ಲೆ ಮೊಟ್ಟೆಯೂ ಹೆಚ್ಚುಕಡಿಮೆ ಅಷ್ಟೇ. ಚುಕ್ಕೆ ಇಟ್ಟ ನೂರು ಚೆಂಡನ್ನು ದಡದಲ್ಲಿ ಹೂತಿಟ್ಟು, ಕತ್ತಲಲ್ಲಿ ಹುಡುಕಿಸಿ, ತೆಗೆಸಿ, ಬೇರೆ ಗುಂಡಿಯಲ್ಲಿ ಇಡಿಸಿ. ಕೊನೆಗೆ ಎಷ್ಟು ಚುಕ್ಕೆ ಓರೆಯಾಗಿವೆ ಎಂದು ಎಣಿಸಿದರೆ ಸಾಕು, ಭಾಷಣ ಬೇಕಾಗುವುದಿಲ್ಲ.

ಹ್ಯಾಚರಿ ಅಂದರೆ ಸಾಗಿಸಿದ ಮೊಟ್ಟೆಗಳನ್ನು ಹೂತು ಕಾಯುವ ಜಾಗ. ಅಲ್ಲಿನ ಗುಂಡಿ 45 ಸೆಂ.ಮೀ. ಆಳ, ಕೊರಳು ಕಿರಿದು, ಹೊಟ್ಟೆ ಅಗಲ, ಮಣ್ಣಿನ ಹೂಜಿಯ ಆಕಾರ. ನೇರ ಗೋಡೆಯ ಗುಂಡಿ ತೋಡಿದರೆ ಮೇಲಿನ ಮರಳು ಕುಸಿದು ಮೊಟ್ಟೆಗಳ ನಡುವಿನ ಗಾಳಿ ಹೋಗುತ್ತದೆ. ಗೂಡಿಂದ ಗೂಡಿಗೆ ಒಂದು ಮೀಟರ್. ಬಿಸಿಲಿಗೆ ಹೆದರಿ ಮೊದಲ ದಿನದಿಂದಲೇ ಇಡೀ ಹ್ಯಾಚರಿಗೆ ನೆರಳು ಬಲೆ ಕಟ್ಟುವವರಿದ್ದಾರೆ. ಕಡಲಾಮೆಯಲ್ಲಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿಯೇ ನಿರ್ಧರಿಸುತ್ತದೆ: ಸುಮಾರು 29–30 ಡಿಗ್ರಿಯಲ್ಲಿ ಎರಡೂ ಬೆರೆತಿರುತ್ತವೆ, ತಂಪಾದರೆ ಗಂಡು, ಬಿಸಿಯಾದರೆ ಹೆಣ್ಣು. ಅತಿ ನೆರಳು ಹಾಕಿದರೆ ಒಂದು ಹಂಗಾಮಿನ ಮರಿಗಳೆಲ್ಲ ಗಂಡಾಗಿಬಿಡಬಹುದು. ಇತ್ತ 34–35 ಡಿಗ್ರಿ ದಾಟಿದರೆ ಮೊಟ್ಟೆಯೇ ಬೇಯುತ್ತದೆ. ಮೊಟ್ಟೆಯ ಆಳದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, ಬೇಕಾದಾಗ ಮಾತ್ರ ನೆರಳು ಎಳೆಯಿರಿ. ಪ್ರತಿವರ್ಷ ಜಾಗ ಬದಲಿಸಬೇಕು, ಹಳೆ ಜಾಗದ ಮರಳಿನಲ್ಲಿ ಕೊಳೆತ ಮೊಟ್ಟೆಯ ಬೂಷ್ಟು ಉಳಿದಿರುತ್ತದೆ.

45ರಿಂದ 60 ದಿನಕ್ಕೆ ಮರಿ ಬರುತ್ತವೆ. ನಮ್ಮ ಮಟ್ಟಿಗೆ ಹೇಳುವುದಾದರೆ ಅತಿ ಹೆಚ್ಚು ಹಾನಿ ಆಗುವುದು ಈ ಕೊನೆಯ ಗಳಿಗೆಯಲ್ಲೇ. ರಾತ್ರಿ ಎರಡಕ್ಕೆ ಎದ್ದ ಮರಿಗಳನ್ನು ಟಬ್ಬಿನಲ್ಲಿಟ್ಟು, ಬೆಳಿಗ್ಗೆ ಎಂಟಕ್ಕೆ ಅತಿಥಿಗಳು ಬಂದ ಮೇಲೆ ಬಿಡುವ ಕಾರ್ಯಕ್ರಮ! ಮರಿಯ ಹೊಟ್ಟೆಯಲ್ಲಿರುವ ಅಷ್ಟಿಷ್ಟು ಹಳದಿಯ ಬಲದಲ್ಲೇ ಅದು ಮೊದಲ ಒಂದು ದಿನ ನಿಲ್ಲದೆ ಈಜಿ ದಡದಿಂದ ದೂರ ಹೋಗಬೇಕು. ಟಬ್ಬಿನಲ್ಲಿ ಕಾಲು ಬಡಿದೇ ಆ ಬಲ ಖರ್ಚಾದರೆ, ಹಗಲ ಬೆಳಕಿನಲ್ಲಿ ಹದ್ದು, ಕಾಗೆ, ಮೀನುಗಳಿಗೆ ತುತ್ತು. ಎದ್ದ ಕೂಡಲೇ, ಕತ್ತಲಲ್ಲೇ ಬಿಡಿ. ನೀರಿನಿಂದ ಹತ್ತು ಮೀಟರಾದರೂ ಹಿಂದೆ ಬಿಟ್ಟು ತಾನೇ ನಡೆಯಲಿ, ಕೈಯಲ್ಲಿ ಹಿಡಿದು ಅಲೆಗೆ ಎಸೆಯಬಾರದು. ದಿನವೂ ಒಂದೇ ಜಾಗದಲ್ಲಿ ಬಿಟ್ಟರೆ ಮೀನುಗಳು ಅಲ್ಲೇ ಕಾಯಲು ಕಲಿಯುತ್ತವೆ. ಮೊಬೈಲ್ ಫ್ಲ್ಯಾಶ್ ಬೇಡ. ಮರಿ ಬೆಳಕಿನ ಕಡೆ ಹೋಗುವ ಜೀವ, ಕಡಲಿಗಿಂತ ರೆಸಾರ್ಟಿನ ಬಲ್ಬು ಹೊಳೆದರೆ ಅತ್ತಲೇ ತಿರುಗುತ್ತದೆ. ಕಡಲ ಕಡೆಯ ದೀಪಗಳನ್ನು ತಗ್ಗಿಸಿ, ಮರೆ ಕಟ್ಟಿ, ಬಿಳಿಯ ಬದಲು ಹಳದಿ–ಕೆಂಪು ಬಲ್ಬು ಹಾಕಲು ಒಪ್ಪಿಸಬಹುದು. ಹಂಗಾಮಿನ ಕೆಲವು ತಿಂಗಳ ಮಾತಷ್ಟೇ.

ದೋಣಿಯ ಮೇಲಿನ ಪಾಠ ಬೇರೆಯೇ ಇದೆ, ಬಹಳ ತರಬೇತಿಗಳಲ್ಲಿ ಅದು ಬರುವುದೇ ಇಲ್ಲ. ಟ್ರಾಲ್ ಬಲೆಯಲ್ಲಿ (ದೋಣಿ ನೀರಿನಡಿ ಎಳೆದೊಯ್ಯುವ ಬಲೆ) ಹೆಚ್ಚು ಹೊತ್ತು ಮುಳುಗಿದ ಆಮೆ ಸತ್ತಂತೆ ಬಿದ್ದಿರುತ್ತದೆ. ಕಣ್ಣಿನ ರೆಪ್ಪೆಯನ್ನೋ ಬಾಲವನ್ನೋ ಮೆಲ್ಲನೆ ಮುಟ್ಟಿ ನೋಡಿ. ಅಲುಗಾಡದಿದ್ದರೂ ಕೂಡಲೇ ನೀರಿಗೆ ಹಾಕಬೇಡಿ, ಹಾಕಿದರೆ ನಿಜಕ್ಕೂ ಮುಳುಗಿ ಸಾಯುತ್ತದೆ. ಬೆನ್ನ ಮೇಲೆ ಮಗುಚಬಾರದು. ಹೊಟ್ಟೆಯ ಮೇಲೆ ಮಲಗಿಸಿ, ಹಿಂಭಾಗ ಆರು ಇಂಚಾದರೂ ಎತ್ತರವಾಗುವಂತೆ ಹಗ್ಗದ ಸುರುಳಿ ಕೊಟ್ಟರೆ ಶ್ವಾಸಕೋಶದ ನೀರು ಇಳಿಯುತ್ತದೆ. ನೆರಳು, ಚಿಪ್ಪಿನ ಮೇಲೆ ಒದ್ದೆ ಗೋಣಿ, ಮೂಗು ಮಾತ್ರ ತೆರೆದಿರಬೇಕು. ಚೇತರಿಕೆಗೆ 4ರಿಂದ 24 ಗಂಟೆ ಹಿಡಿಯಬಹುದು. ಬಿಡುವಾಗ ಎಂಜಿನ್ ನ್ಯೂಟ್ರಲ್‌ನಲ್ಲಿರಲಿ, ಹತ್ತಿರ ಬಲೆ ಇಳಿದಿರಬಾರದು.

ಇನ್ನು ಟೆಡ್, ಅಂದರೆ ಬಲೆಯೊಳಗಿನ ಸರಳುಗಳ ಚೌಕಟ್ಟು. ಸರಳುಗಳ ಸಂದು ನಾಲ್ಕು ಇಂಚು. ಸಿಗಡಿ ತೂರಿಹೋಗುತ್ತದೆ, ಆಮೆ ತಡೆದು ತೆರಪಿನಿಂದ ಹೊರಬೀಳುತ್ತದೆ. ಅದು ಇಲ್ಲವೆಂದೇ ಭಾರತದ ಟ್ರಾಲ್ ಸಿಗಡಿಗೆ ಅಮೆರಿಕ ಬಾಗಿಲು ಹಾಕಿತು. ಚೌಕಟ್ಟು ತೀರಾ ಕಡಿದಾಗಿ ನಿಂತರೆ ಆಮೆ ಅದಕ್ಕೇ ಒತ್ತಿಕೊಳ್ಳುತ್ತದೆ, ತೀರಾ ಮಲಗಿದರೆ ಮೀನು ಹೋಗುತ್ತದೆ. ಮೀನು ಹೋಯಿತು ಎಂದಕೂಡಲೇ ತಂಡೇಲ (ದೋಣಿ ನಡೆಸುವವನು) ತೆರಪಿಗೆ ಹಗ್ಗ ಬಿಗಿಯುತ್ತಾನೆ, ಅವನನ್ನು ಬೈದು ಪ್ರಯೋಜನವಿಲ್ಲ. ಕೋನ ಸರಿಮಾಡುವುದನ್ನು ಬಂದರಿನಲ್ಲಿ ಅವನ ಬಲೆಯ ಮೇಲೆಯೇ ತೋರಿಸಬೇಕು. ಜೂನ್–ಜುಲೈ ತಿಂಗಳ 61 ದಿನದ ನಿಷೇಧದಲ್ಲಿ ದೋಣಿ ದಡದಲ್ಲಿರುತ್ತವೆ, ಬಲೆ ಬಿಚ್ಚಿ ಹರಡಿರುತ್ತವೆ, ಹೊಲಿಯುವವರೂ ಅಲ್ಲೇ ಕೂತಿರುತ್ತಾರೆ. ಆಮೆಯ ಹಂಗಾಮು ನವೆಂಬರಿಗೆ ಶುರುವಾಗುತ್ತದೆಂದು ಅಕ್ಟೋಬರಿನಲ್ಲಿ ಕರೆದರೆ ಅವರೆಲ್ಲ ಕಡಲಿನಲ್ಲಿರುತ್ತಾರೆ.